ಕೃಷಿವಿಜ್ಞಾನಿ ಡಾ. ಕೋಲ್ಮನ್

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಅಬ್ಬಿಗೇರಿ ಎಂಬ ಊರಿದೆ. ಈ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಎರೆಹೊಲಗಳು ಹರಡಿಕೊಂಡಿವೆ. ಇಲ್ಲಿಯ ಜನರಿಗೆ ತಲೆತಲಾಂತರದಿಂದ ಜೋಳವೇ ಜೀವಾಧಾರ. ಮನುಷ್ಯನಿಗೆ ಜೋಳದ ರೊಟ್ಟಿ. ದನಗಳಿಗೆ ಜೋಳದ ಕಣಿಕೆ. ಜೋಳ ಬೆಳೆಯದ ವರ್ಷ ಹಗೇವೂ ಬರಿದು, ದನಗಳ ಗೋದಲಿಯೂ ಬರಿದು. ಮಳೆ ಬಾರದಿದ್ದರೆ ರೈತನು ಮುಗಿಲ ಕಡೆಗೆ ನೋಡಿಯಾನು. ಆದರೆ ಮಳೆ ಚೆನ್ನಾಗಿ ಬಂದು, ಪೈರು ಮೊಳಕಾಲುದ್ದ ಬೆಳೆದ ಮೇಲೆ, ಲೆಕ್ಕವಿಲ್ಲದಷ್ಟು ಮಿಡತೆಗಳು ಎಲೆಗಳನ್ನು ತಿಂದು ಬರಿಯ ದಂಟನ್ನು ಉಳಿಸಿದರೆ ಆತನು ಯಾರಿಗೆ ಮೊರೆಯಿಡಬೇಕು? ದಖ್ಖನದ ಜೋಳದ ಸೀಮೆಯ ರೈತರು ಇಂತಹ ಸಂಕಟವನ್ನು ಕಂಡುಂಡವರು. ಆ ಮಿಡತೆಯ ಬಾಳುವೆಯನ್ನು ಅರಿತು ಲೋಕಕ್ಕೆ ತಿಳಿಸಿದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ಬಳಿಕ ಜರ್ಮನಿಗೆ ತೆರಳಿ, ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. 1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಬೆಳೆಗಳಿಗೆ ತಗಲುವ ರೋಗಗಳು, ಬೆಳೆಗಳನ್ನು ತಿನ್ನುವ ಕೀಟಗಳು, ಈ ಎರಡನ್ನೂ ಪರಿಶೀಲಿಸುವ ಹೊಣೆ ಅವರ ಪಾಲಿಗೆ ಬಂದಿತು.

ಆ ಕಾಲದಲ್ಲಿ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಚಿತ್ರದುರ್ಗವು ಮೈಸೂರು ಸಂಸ್ಥಾನದಲ್ಲಿ, ಬಳ್ಳಾರಿಯು ಮದರಾಸು ಪ್ರಾಂತದಲ್ಲಿ, ರೋಣ ತಾಲ್ಲೂಕನ್ನು ಒಳಗೊಂಡ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿ ಇದ್ದವು. ಮಿಡತೆಗೆ ಈ ಗಡಿಗಳ ಪರಿವೆ ಇರಲಿಲ್ಲ. ದಖ್ಖನದ ಜೋಳದ ಹೊಲಗಳಲ್ಲೆಲ್ಲ ಅದರ ಸಂತತಿ ಹಬ್ಬಿತ್ತು. ಆದಕಾರಣ ವಿಜ್ಞಾನಿಗಳು ಅದನ್ನು ಜೋಳದ ಮಿಡತೆ ಎಂದೂ ದಖ್ಖನದ ಮಿಡತೆ ಎಂದೂ ಕರೆದರು.

ಹೊಸ ಕೀಟವೊಂದನ್ನು ಗುರುತಿಸುವುದು ಸುಲಭವಾದ ಕೆಲಸವಲ್ಲ. ಜಗತ್ತಿನಲ್ಲಿ ಸಾವಿರಾರು ಬಗೆಯ ಮಿಡತೆಗಳಿವೆ. ಹಿಡಿದ ಕೀಟವನ್ನು ಕೆಡದಂತೆ ಒಣಗಿಸಿ, ಸೂಜಿಯಲ್ಲಿ ಚುಚ್ಚಿಟ್ಟು, ಅದು ಯಾವ ಊರಿನಲ್ಲಿ, ಯಾವ ದಿನ, ಯಾವ ಬೆಳೆಯ ಮೇಲೆ ದೊರೆಯಿತೆಂಬ ಚೀಟಿಯನ್ನು ಲಗತ್ತಿಸಬೇಕು. ತಲೆಯ ಆಕಾರ, ಮೀಸೆ, ಕಾಲು, ರೆಕ್ಕೆಗಳನ್ನು ಭೂತಕನ್ನಡಿಯಲ್ಲಿ ಪರೀಕ್ಷಿಸಿ, ಹಿಂದಿನ ವಿದ್ವಾಂಸರು ವರ್ಣಿಸಿದ ಕೀಟಗಳೊಡನೆ ಹೋಲಿಸಿ ನೋಡಬೇಕು. ಎಕ್ಕದ ಗಿಡದ ಮೇಲೆ ಹಳದಿ ಮತ್ತು ನೀಲಿ ಪಟ್ಟೆಗಳ ಮಿಡತೆಯನ್ನು ನೀವು ಕಂಡಿರಬಹುದು. ಜೋಳದ ಮಿಡತೆಯು ಅದೇ ಕುಟುಂಬಕ್ಕೆ ಸೇರಿದುದು. ಇದರ ತಲೆ ಚೂಪು, ಮುಖ ಓರೆ. ಆದರೆ ಎಕ್ಕದ ಮಿಡತೆಗೆ ಬಲಿತಾಗ ರೆಕ್ಕೆಗಳು ಬೆಳೆಯುತ್ತವೆ. ಜೋಳದ ಮಿಡತೆಯಾದರೋ ಬಲಿತ ಮೇಲೂ ಹಾರಲಾರದು.

ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ಇಗ್ನಾಸಿಯೊ ಬೊಲಿವಾರ್ ಎಂಬ ವಿದ್ವಾಂಸರಿದ್ದರು. ಮಿಡತೆಗಳ ವರ್ಗೀಕರಣದಲ್ಲಿ ಅವರು ಜಗತ್ಪ್ರಸಿದ್ಧರು. ಈ ಮಿಡತೆಯನ್ನು ಪರೀಕ್ಷಿಸಿದ ಅವರು, ಅದುವರೆಗೆ ತಿಳಿದಿದ್ದ ಯಾವ ಗುಂಪಿಗೂ ಅದನ್ನು ಸೇರಿಸಲಾಗದೆಂದು ಕಂಡು, ಅದಕ್ಕಾಗಿ ಹೊಸದೊಂದು ಜಾತಿಯನ್ನೇ ಸ್ಥಾಪಿಸಿದರು. ನಮ್ಮ ಕಡೆ ಒಬ್ಬೊಬ್ಬರಿಗೂ ಮನೆತನದ ಅಡ್ಡಹೆಸರು ಮತ್ತು ಸ್ವಂತ ಹೆಸರು ಇರುವಂತೆ, ವಿಜ್ಞಾನದಲ್ಲಿ ಪ್ರತಿಯೊಂದು ಜೀವಿಗೂ ಜಾತಿಯ ಹೆಸರು ಮತ್ತು ಪ್ರಭೇದದ ಹೆಸರು ಇರುತ್ತವೆ. 1910ರಲ್ಲಿ ಬೊಲಿವಾರ್ ಅವರು ಇದಕ್ಕೆ ಕೋಲ್ಮೇನಿಯ ಸ್ಫೀನಾರಿಯಾಯ್ಡಿಸ್ ಎಂದು ಹೆಸರಿಟ್ಟರು. ಮೊದಲ ಪದವು ಕೋಲ್ಮನ್ ಅವರಿಗೆ ಸಲ್ಲಿಸಿದ ಗೌರವ. ಎರಡನೆಯದು ಮೆಕ್ಸಿಕೊ ದೇಶದ ಸ್ಫೀನೇರಿಯಮ್ ಎಂಬ ಮಿಡತೆಯನ್ನು ಇದು ಹೋಲುತ್ತದೆಂಬುದನ್ನು ಸೂಚಿಸುತ್ತದೆ.

ಇಂತಹ ಕಠಿಣವಾದ ಹೆಸರಿನಿಂದ ರೈತನಿಗೇನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಗುಂಪುಗಟ್ಟಿ ಹಾರಿಬರುವ ವಲಸೆಯ ಮಿಡತೆಗಳು ದೂರದೇಶದಲ್ಲಿ ಹುಟ್ಟಿ ಬರುವಂಥವು. ಅವುಗಳನ್ನು ಒಂದು ಊರಿನವರು ತಡೆಯಲಾರರು. ಆದರೆ ಹಾರಲಾರದ ಮಿಡತೆಯು ಆ ಹೊಲದಲ್ಲೋ ನೆರೆಯ ಹೊಲದಲ್ಲೋ ಹುಟ್ಟಿರಲೇಬೇಕು. ಕೋಲ್ಮನ್ ಅವರು ಅದರ ಜೀವನಕ್ರಮವನ್ನು ಬೆನ್ನುಹತ್ತಿ ಅಭ್ಯಸಿಸಿ, 1911ರಲ್ಲಿ ಅದನ್ನು ಕುರಿತು ಒಂದು ಪ್ರಕಟಣೆಯನ್ನು ಹೊರತಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಮಿಡತೆಯು ಮಣ್ಣಿನೊಳಗೆ ಗೊಂಚಲು ಗೊಂಚಲಾಗಿ ಮೊಟ್ಟೆಗಳನ್ನಿಡುತ್ತದೆ. ಚಳಿಗಾಲ, ಬೇಸಿಗೆಗಳನ್ನು ಮೊಟ್ಟೆಗಳು ಮಣ್ಣಿನಲ್ಲಿಯೇ ಕಳೆದು, ಮರುವರ್ಷದ ಮುಂಗಾರಿನಲ್ಲಿ ಒಡೆದು ಮರಿಗಳಾಗುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ.

ಈ ತಿಳಿವಿನಲ್ಲಿಯೇ ಪರಿಹಾರವೂ ಅಡಗಿತ್ತು. ಬೆಳೆಯಿಲ್ಲದ ದಿನಗಳಲ್ಲಿ ನೆಲವನ್ನು ಆಳವಾಗಿ ಉತ್ತರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತವೆ. ಅಳಿದುಳಿದವು ಒಡೆದು ಮರಿಗಳಾದಾಗ, ಅವು ಬಲಿಯುವ ಮೊದಲೇ ಅರಿವೆಯ ಚೀಲಗಳಲ್ಲಿ ಬಳಿದು ಹಿಡಿಯಬಹುದು. ಆದರೆ ಒಬ್ಬನು ಉತ್ತು ನೆರೆಯವನು ಸುಮ್ಮನಿದ್ದರೆ ಫಲವಿಲ್ಲ. ಊರಿಗೆ ಊರೇ ಒಂದಾಗಬೇಕು.

ಭತ್ತದ ಮಿಡತೆಯನ್ನೂ ಕೋಲ್ಮನ್ ಅವರು ಇದೇ ರೀತಿ ಅಭ್ಯಸಿಸಿದರು. ಆ ಕಾರ್ಯದಲ್ಲಿ ಅವರಿಗೆ ಜೊತೆಯಾದವರು ಕೆ. ಕುಂಞಿ ಕಣ್ಣನ್ ಎಂಬ ಭಾರತೀಯ ಕೀಟವಿಜ್ಞಾನಿ. ಮಲೆನಾಡಿನ ಅಡಿಕೆಗೆ ತಗಲುವ ಕೊಳೆರೋಗದ ಮೂಲವನ್ನೂ ಕೋಲ್ಮನ್ ಅವರು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. 1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆಯು ಆರಂಭವಾಯಿತು. ಅದೇ ಹೆಬ್ಬಾಳದಲ್ಲಿ ಮುಂದೆ ಕೃಷಿ ಕಾಲೇಜು ಬೆಳೆದು, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪುಗೊಂಡಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವೂ ಅವರ ಪರಿಶ್ರಮದ ಫಲ.

ಕೋಲ್ಮನ್ ಅವರು 1934ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. 1954ರಲ್ಲಿ ಅಲ್ಲಿಯೇ ತೀರಿಕೊಂಡರು. ಬೆಳೆಯನ್ನು ತಿನ್ನುವ ಕೀಟವನ್ನು ಕಂಡರೆ ಹೊಸಕಿಹಾಕುವುದು ಎಲ್ಲರಿಗೂ ಗೊತ್ತು. ಹೊಸಕುವ ಮುನ್ನ ಅದನ್ನು ಕೈಯಲ್ಲಿ ಹಿಡಿದು, ಇದು ಯಾವುದು, ಎಲ್ಲಿ ಹುಟ್ಟಿತು, ಹೇಗೆ ಬದುಕುತ್ತದೆ ಎಂದು ಕೇಳಿದವರು ಕೋಲ್ಮನ್. ಪರದೇಶದಲ್ಲಿ ಹುಟ್ಟಿ ನಮ್ಮ ಹೊಲಗಳಲ್ಲಿ ದುಡಿದ ಈ ಮಹನೀಯರ ಹೆಸರು ಜೋಳದ ಎಲೆಯ ಮೇಲೆ ಕುಳಿತ ಪುಟ್ಟ ಕೀಟದೊಡನೆ ಇಂದಿಗೂ ಉಳಿದುಬಂದಿದೆ.