ಸ್ವಯಂಚಾಲಿತ ಗೇಟಿನ ಶಿಲ್ಪಿ ಸರ್ ಎಂ.ವಿ.

ಚಿತ್ರದುರ್ಗ: ರಾಜ್ಯದಲ್ಲಿ ಅಣೆಕಟ್ಟೆ ಎಂದೊಡನೆ ನೆನಪಾಗುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯ. ಆದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದು ನಿಲ್ಲಿಸಿದ ವಾಣಿವಿಲಾಸ ಸಾಗರ ಅವರ ನಿರ್ಮಾಣವಲ್ಲ. 1898ರಲ್ಲಿ ಆರಂಭವಾದ ಈ ಕಾಮಗಾರಿ 1907ರಲ್ಲಿ ಮುಗಿಯಿತು. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಆದರೂ ಅವರ ಬಹುಮುಖ್ಯ ಆವಿಷ್ಕಾರವೊಂದನ್ನು ಅರಿಯಲು ಈ ಜಲಾಶಯದ ಕೋಡಿಯೇ ತಕ್ಕ ಸ್ಥಳ.

ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯ ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಪದವಿ ಪಡೆದರು. ಮುಂದಿನ ಓದಿಗೆ ಕೈಯಲ್ಲಿ ಹಣವಿರಲಿಲ್ಲ. ಮೈಸೂರು ಸರಕಾರ ನೀಡಿದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಮುಟ್ಟಿಸಿತು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದ ಅವರಿಗೆ ಜೇಮ್ಸ್ ಬರ್ಕ್ಲಿ ಬಹುಮಾನ ಸಂದಿತು. ಬರ್ಕ್ಲಿ, 1853ರಲ್ಲಿ ಮುಂಬಯಿ-ಠಾಣೆ ನಡುವೆ ಓಡಿದ ರೈಲುಮಾರ್ಗದ ಮುಖ್ಯ ಇಂಜಿನಿಯರ್. ಅಗಲಿದ ಇಂಜಿನಿಯರ್ ಒಬ್ಬರ ನೆನಪು ಹೀಗೆ ಹಳ್ಳಿಯಿಂದ ಬಂದ ಯುವಕನ ಬೆನ್ನು ತಟ್ಟಿತು. ಮರುವರ್ಷವೇ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಪುಣೆಗೆ ನೀರುಣಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರೆದುರು ಒಂದು ಸಮಸ್ಯೆ ನಿಂತಿತು. ಮಾರಿಕಣಿವೆಯಂತೆಯೇ ಅಲ್ಲಿಯೂ ತುಂಬಿದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರಿಗೆ ಕೊರತೆ. ಕೋಡಿಯನ್ನೇ ಎತ್ತರಿಸಿದರೆ ಪ್ರವಾಹದ ವೇಳೆ ಕಟ್ಟೆಗೆ ಅಪಾಯ. ವಿಶ್ವೇಶ್ವರಯ್ಯ ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ಅವುಗಳನ್ನು ಸರಪಳಿಯ ಮೂಲಕ ಬಾವಿಯಲ್ಲಿ ತೂಗುವ ಭಾರಕ್ಕೆ ಜೋಡಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಬಾವಿಗೆ ಧುಮುಕುತ್ತದೆ. ನೀರಿನಲ್ಲಿ ಮುಳುಗಿದ ಭಾರ ಹಗುರಾಗಿ ಗೇಟು ತೆರೆದುಕೊಳ್ಳುತ್ತದೆ. ಮಟ್ಟ ಇಳಿದಾಗ ಬಾವಿ ಬರಿದಾಗಿ, ಭಾರ ಮತ್ತೆ ತೂಕ ಪಡೆದು ಗೇಟನ್ನು ಮುಚ್ಚುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

ಇದಕ್ಕೆ ವಿದ್ಯುತ್ ಬೇಕಿರಲಿಲ್ಲ, ನಡುರಾತ್ರಿಯ ಮಳೆಯಲ್ಲಿ ಗೇಟು ಎತ್ತುವ ಕಾವಲುಗಾರನೂ ಬೇಕಿರಲಿಲ್ಲ. ಇಂದು ಸೆನ್ಸರ್, ಮೋಟಾರು, ಕಂಪ್ಯೂಟರ್‌ಗಳು ಸೇರಿ ಮಾಡುವ ಕೆಲಸವನ್ನು ಅಲ್ಲಿ ನೀರೇ ಮಾಡುತ್ತಿತ್ತು. 1903ರಲ್ಲಿ ಅಳವಡಿಸಿದ ಈ ಗೇಟಿಗೆ ಪೇಟೆಂಟ್ ದೊರೆಯಿತು. ಸರಕಾರಿ ಸೇವೆಯಲ್ಲಿದ್ದಾಗ ರೂಪಿಸಿದ್ದೆಂಬ ಕಾರಣಕ್ಕೆ ಅದರ ರಾಯಧನವನ್ನು ಅವರು ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾ ಹಾಗೂ ಕೃಷ್ಣರಾಜಸಾಗರಗಳಲ್ಲೂ ಇದೇ ವಿಧಾನ ಬಳಕೆಗೆ ಬಂದಿತು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ವಿದ್ಯೆಗೆ ನೀಡಿದ ಒತ್ತು ಸಣ್ಣದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭಗೊಂಡವು. ಓದಲು ಪುಣೆಗೆ ಹೋಗಬೇಕಾಗಿದ್ದ ತಮ್ಮಂಥ ಹುಡುಗರಿಗೆ ಅವರು ನಾಡಿನಲ್ಲೇ ದಾರಿ ಮಾಡಿಕೊಟ್ಟರು. 1955ರಲ್ಲಿ ಭಾರತರತ್ನ ಗೌರವ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಬಾಳು ಬೆಂಗಳೂರಿನಲ್ಲಿ ಕೊನೆಗೊಂಡಿತು.

ಬರ್ಕ್ಲಿ ಹೆಸರಿನ ಬಹುಮಾನ ಪಡೆದವರ ಹೆಸರೇ ನಂತರದ ಪೀಳಿಗೆಗೆ ಆಸರೆಯಾಯಿತು. ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಂಶೋಧನೆಗಾಗಿ ಕೇಂದ್ರ ಸರಕಾರ 2014ರಲ್ಲಿ ವಿಶ್ವೇಶ್ವರಯ್ಯ ಪಿಎಚ್.ಡಿ. ಯೋಜನೆಯನ್ನು ಮಂಜೂರು ಮಾಡಿತು. ವೃತ್ತಿಯ ಹೊಸ್ತಿಲಲ್ಲಿರುವ ಯುವ ಅಧ್ಯಾಪಕರಿಗೆ ಸಂಶೋಧನಾ ಫೆಲೋಶಿಪ್ ನೀಡುವ ಅವಕಾಶವೂ ಅದರಲ್ಲಿ ಸೇರಿತು. 1998ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದು ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುವವರ ಪದವಿ ಪತ್ರದ ಮೇಲೂ ಆ ಹೆಸರಿದೆ.

1933ರ ಬಳಿಕ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ನೀರಿಗಾಗಿ ಇಷ್ಟು ಕಾದ ಬಯಲುಸೀಮೆಗೆ ಹನಿಹನಿಯನ್ನೂ ಲೆಕ್ಕವಿಟ್ಟು ಕಾಯುವ ಯಂತ್ರಗಳ ಅಗತ್ಯ ಬೇರೆಲ್ಲರಿಗಿಂತ ಹೆಚ್ಚು. ಅವುಗಳನ್ನು ರೂಪಿಸಬಲ್ಲ ಯುವಕ ಯುವತಿಯರು ಇಲ್ಲಿನ ತರಗತಿಗಳಲ್ಲೇ ಇರಬಹುದು. ಸಕಾಲದಲ್ಲಿ ದೊರೆತ ಒಂದು ವಿದ್ಯಾರ್ಥಿವೇತನ, ಒಂದು ಬಹುಮಾನ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಸರ್ ಎಂ.ವಿ. ಅವರ ಬದುಕೇ ನಿದರ್ಶನ.