ವನದುರ್ಗದ ಜಾವಾ ಸೋರಿದ್ದು ಬಿಸಿಲಿಗಲ್ಲ: ಕಾರ್ಬ್ಯುರೇಟರ್ ಕೊಟ್ಟ ಮೈಬಾಖ್ ಕಥೆ ಓದಿದರೆ ಕಾರಣ ಗೊತ್ತಾಗುತ್ತದೆ

ಬೇಸಿಗೆ ಶುರುವಾದರೆ ಸಾಕು, ಒಂದು ಮೆಸೇಜ್ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ತಿರುಗುತ್ತದೆ. ಇಂಡಿಯನ್ ಆಯಿಲ್ ಕಂಪನಿ ಎಚ್ಚರಿಸಿದೆ, ಬಿಸಿಲು ಏರಿದೆ, ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ, ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ ಎನ್ನುವ ಮೆಸೇಜ್ ಅದು. ಕಂಪನಿಯೇ ಇದನ್ನು ಸುಳ್ಳೆಂದು ಹೇಳಿ ವರ್ಷಗಳಾಗಿವೆ. ಆದರೂ ಫಾರ್ವರ್ಡ್ ನಿಂತಿಲ್ಲ.

ಈ ಸಲ ಆ ಮೆಸೇಜ್ ನಮಗೆ ಸಿಕ್ಕಿದ್ದು ಶಹಾಪುರ ತಾಲೂಕಿನ ವನದುರ್ಗದಲ್ಲಿ, ಸಂಬಂಧದಲ್ಲಿ ನಮಗೆ ಕಾಕಾ ಆಗುವ ಒಬ್ಬರ ಫೋನಿನಲ್ಲಿ. ಸುರಪುರ ನಾಯಕರ ಕೋಟೆ ಇರುವ ಊರು. ಏಪ್ರಿಲ್, ಮೇ ತಿಂಗಳ ಬಿಸಿಲು ಎಂಥದ್ದೆಂದು ಯಾದಗಿರಿ ಕಡೆಯವರಿಗೆ ಹೇಳಬೇಕಿಲ್ಲ. ಕಾಕಾ ಬಳಿ ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಇದೆ. ಮೆಸೇಜ್ ನಂಬಿ ಅವರು ಅರ್ಧ ಟ್ಯಾಂಕ್ ಮಾತ್ರ ಹಾಕಿಸುತ್ತಿದ್ದರು. ಅದೇ ಹೊತ್ತಿಗೆ ಗಾಡಿಯ ಕಾರ್ಬ್ಯುರೇಟರ್‌ನಿಂದ ಹನಿ ಹನಿಯಾಗಿ ಪೆಟ್ರೋಲ್ ಸೋರುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಉಕ್ಕುತ್ತದೆ, ಮಳೆಗಾಲಕ್ಕೆ ತಾನೇ ನಿಲ್ಲುತ್ತದೆ ಎಂದು ಬಿಟ್ಟಿದ್ದರು. ರಾತ್ರಿ ಗಾಡಿ ನಿಲ್ಲುತ್ತಿದ್ದದ್ದು ಪಡಸಾಲೆಯಲ್ಲಿ. ಗೋಡೆಯ ಆಚೆ ಒಲೆ, ಈಚೆ ದೇವರ ದೀಪ.

ಅಂದರೆ ಇಲ್ಲದ ಅಪಾಯಕ್ಕೆ ಹೆದರಿ, ಇರುವ ಅಪಾಯವನ್ನು ಮನೆಯೊಳಗೇ ನಿಲ್ಲಿಸಿಕೊಂಡಿದ್ದರು.

ಮೊದಲು ಟ್ಯಾಂಕಿನ ವಿಷಯ ಮುಗಿಸೋಣ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ನಮ್ಮ ಬಿಸಿಲು 45 ಮುಟ್ಟಿದರೂ ಅದರ ಹತ್ತಿರಕ್ಕೆ ಬರುವುದಿಲ್ಲ. ಬಿಸಿಗೆ ಪೆಟ್ರೋಲ್ ಹಿಗ್ಗುವುದು ಮಾತ್ರ ನಿಜ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಬಿಸಿಯಾದರೆ 200 ಮಿಲಿಗಿಂತ ತುಸು ಕಡಿಮೆ ಹಿಗ್ಗುತ್ತದೆ. ಟ್ಯಾಂಕಿನಲ್ಲಿ ಕಂಪನಿ ಗುರುತು ಮಾಡಿದ ಮಟ್ಟದವರೆಗೆ ತುಂಬಿಸಿದರೆ ಆ ಹಿಗ್ಗುವಿಕೆಗೆ ಜಾಗ ಇದ್ದೇ ಇರುತ್ತದೆ. ಮುಚ್ಚಳದ ಅಂಚಿನವರೆಗೆ ಸುರಿಯದಿದ್ದರೆ ಆಯಿತು.

ಸೋರುವ ಕಾರ್ಬ್ಯುರೇಟರ್ ವಿಷಯ ಬೇರೆ. ಅಲ್ಲಿ ಪೆಟ್ರೋಲ್ ಹೊರಗೆ ಬಂದು ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೇ ಹರಡಿ, ಒಲೆ ಅಥವಾ ದೀಪ ಇರುವ ಕಡೆಗೂ ಹೋಗಬಲ್ಲದು. ಬೆಂಕಿ ಹಿಡಿಯಲು ಒಂದು ಸಣ್ಣ ಕಿಡಿ ಸಾಕು. ಇದು ಹೊಸ ಪಾಠವೇನಲ್ಲ. ಜಗತ್ತಿನ ಮೊದಲ ಪೆಟ್ರೋಲ್ ಮೋಟರ್‌ಸೈಕಲ್ ಎಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಗಾಡಿಯ ಸೀಟು ಮೊದಲ ಓಟದಲ್ಲೇ ಹೊತ್ತಿಕೊಂಡಿತ್ತು. ಆ ಗಾಡಿ ಮಾಡಿದ ಇಬ್ಬರಲ್ಲಿ ಒಬ್ಬನೇ ಮುಂದೆ, ಇಂದಿಗೂ ನಮ್ಮ ಹಳೆ ಗಾಡಿಗಳಲ್ಲಿರುವ ಮಾದರಿಯ ಕಾರ್ಬ್ಯುರೇಟರ್ ರೂಪಿಸಿದ. ಹೆಸರು ವಿಲ್ಹೆಲ್ಮ್ ಮೈಬಾಖ್. ಸಿನಿಮಾ ನಟರು, ಉದ್ಯಮಿಗಳು ಕೊಳ್ಳುವ ಕೋಟಿ ಬೆಲೆಯ ಮೇಬ್ಯಾಕ್ ಕಾರಿನ ಸುದ್ದಿ ನೀವು ಓದಿರುತ್ತೀರಿ. ಆ ಹೆಸರು ಇವನದೇ.

ಆದರೆ ಈತ ಹುಟ್ಟಿದ್ದು ಸಿರಿವಂತರ ಮನೆಯಲ್ಲಲ್ಲ. 1846ರ ಫೆಬ್ರವರಿ 9ರಂದು ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ, ಬಡಗಿಯೊಬ್ಬನ ಮಗನಾಗಿ ಹುಟ್ಟಿದ. ಎಂಟು ವರ್ಷಕ್ಕೆ ತಾಯಿ ಹೋದಳು, ಹತ್ತಕ್ಕೆ ತಂದೆ. ಐದು ಜನ ಅಣ್ಣತಮ್ಮಂದಿರು ತಬ್ಬಲಿಗಳಾದರು. ಮಕ್ಕಳಿಗೆ ಆಸರೆ ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ರಾಯ್ಟ್‌ಲಿಂಗನ್ ಊರಿನಲ್ಲಿ ಗುಸ್ಟಾಫ್ ವೆರ್ನರ್ ಎಂಬ ಪಾದ್ರಿ ನಡೆಸುತ್ತಿದ್ದ ಅನಾಥಾಶ್ರಮ ವಿಲ್ಹೆಲ್ಮ್‌ನನ್ನು ಸೇರಿಸಿಕೊಂಡಿತು. ಅಲ್ಲಿ ಓದಿನ ಜೊತೆ ಕೈಕೆಲಸವೂ ಇತ್ತು, ಯಂತ್ರ ತಯಾರಿಸುವ ಕಾರ್ಖಾನೆಯೂ ಇತ್ತು. ಹುಡುಗ ಚಿತ್ರ ಬರೆಯುವುದರಲ್ಲಿ ಚುರುಕು. ಯಂತ್ರದ ನಕ್ಷೆ ಬಿಡಿಸುವ ಕೆಲಸಕ್ಕೆ ಹಾಕಿದರು. ಸಂಜೆ ಊರಿನ ಶಾಲೆಗೆ ಹೋಗಿ ಗಣಿತ, ಭೌತಶಾಸ್ತ್ರ ಕಲಿತ.

ಆ ಕಾರ್ಖಾನೆ ನೋಡಿಕೊಳ್ಳಲು ಬಂದ ಎಂಜಿನಿಯರ್ ಗಾಟ್ಲೀಬ್ ಡೈಮ್ಲರ್. 1865ರಲ್ಲಿ ಇಬ್ಬರ ಪರಿಚಯವಾದಾಗ ಡೈಮ್ಲರ್‌ಗೆ ಮೂವತ್ತೊಂದು, ಮೈಬಾಖ್‌ಗೆ ಹತ್ತೊಂಬತ್ತು. ಅಲ್ಲಿಂದ ಮುಂದೆ ಡೈಮ್ಲರ್ ಹೋದ ಕಡೆಗೆಲ್ಲ ಮೈಬಾಖ್ ಹೋದ. 1869ರಲ್ಲಿ ಕಾರ್ಲ್ಸ್‌ರೂಹೆಗೆ, 1872ರಲ್ಲಿ ಕಲೋನ್ ಹತ್ತಿರದ ಡಾಯ್ಟ್ಸ್ ಕಂಪನಿಗೆ. ಇಂದಿನ ಫೋರ್ ಸ್ಟ್ರೋಕ್ ಎಂಜಿನ್ನಿನ ಮೂಲವಾದ ನಿಕೋಲಸ್ ಆಟೊ ಎಂಜಿನ್ 1876ರಲ್ಲಿ ಬಂದದ್ದು ಈ ಡಾಯ್ಟ್ಸ್‌ನಲ್ಲೇ. ಒಬ್ಬ ಹಣ, ವ್ಯವಹಾರ ನೋಡುವವ, ಇನ್ನೊಬ್ಬ ಕಾಗದದ ಮೇಲೆ ಯಂತ್ರ ಮೂಡಿಸುವವ. ಹೆಸರು ಮಾತ್ರ ಹೆಚ್ಚಾಗಿ ಮೊದಲಿನವನಿಗೇ ಹೋಯಿತು. ಇದು ಅನ್ಯಾಯ ಎಂದೇ ನಮ್ಮ ಅನಿಸಿಕೆ.

ಆಟೊ ಜೊತೆ ಡೈಮ್ಲರ್‌ಗೆ ಹೊಂದಲಿಲ್ಲ. 1882ರಲ್ಲಿ ಆತ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಮನೆ ಕೊಂಡ. ಮೈಬಾಖ್ ಕೂಡ ಹಿಂದೆಯೇ ಬಂದ. ತೋಟದಲ್ಲಿದ್ದ ಗಾಜಿನ ಮನೆಯೇ ಇಬ್ಬರ ವರ್ಕ್‌ಶಾಪ್ ಆಯಿತು. ಹಗಲು ರಾತ್ರಿ ಒಳಗಿಂದ ಲೋಹ ಬಡಿಯುವ ಸದ್ದು ಕೇಳಿ, ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿ ಪೊಲೀಸರಿಗೆ ದೂರು ಕೊಟ್ಟನಂತೆ. ಪೊಲೀಸರು ಬಂದು ನೋಡಿದರೆ ಸಿಕ್ಕಿದ್ದು ಎಂಜಿನ್ ಮತ್ತು ಉಪಕರಣಗಳು. ಅಂದಿನ ಫಾರ್ವರ್ಡ್ ಹೀಗಿತ್ತು ಎನ್ನಿ.

ಆಗಿನ ಎಂಜಿನ್‌ಗಳು ಗ್ಯಾಸಿನಿಂದ ಓಡುತ್ತಿದ್ದವು, ಪೈಪಿಗೆ ಕಟ್ಟಿಹಾಕಿದಂತೆ ಒಂದೇ ಕಡೆ ನಿಲ್ಲುತ್ತಿದ್ದವು. ಗಾಡಿಗೆ ಕೂರಿಸಬೇಕಾದರೆ ದ್ರವ ಇಂಧನ ಬೇಕು, ಅದನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಉಪಾಯ ಬೇಕು. ಇವರ ಮೊದಲ ಉಪಾಯ ಸರಳವಾಗಿತ್ತು. ಡಬ್ಬಿಯಲ್ಲಿದ್ದ ಪೆಟ್ರೋಲಿನ ಮೂಲಕ ಗಾಳಿ ಹಾಯಿಸಿ, ಅದರ ಆವಿಯನ್ನು ಎಂಜಿನ್ನಿಗೆ ಕೊಡುವುದು. 1885ರಲ್ಲಿ ಅಂಥ ಎಂಜಿನ್ನನ್ನು ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಗೆ ಕೂರಿಸಿದರು. ಬೀಳದಿರಲೆಂದು ಪಕ್ಕಕ್ಕೆ ಎರಡು ಪುಟ್ಟ ಚಕ್ರ. ನವೆಂಬರಿನಲ್ಲಿ ಗಾಡಿ ಕಾನ್‌ಸ್ಟಾಟ್‌ನಿಂದ ಉಂಟರ್‌ಟ್ಯುರ್ಕ್‌ಹೈಮ್ ಕಡೆಗೆ ಓಡಿತು. ಸವಾರ ಡೈಮ್ಲರನ ಮಗ ಪೌಲ್ ಎಂದು ಕೆಲವರು ಬರೆಯುತ್ತಾರೆ, ಮೈಬಾಖ್ ಎಂದು ಇನ್ನು ಕೆಲವರು. ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್. ಅಂದಿನ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸದಾ ಉರಿಯುವ ಬರ್ನರ್ ಒಂದು ಲೋಹದ ಕೊಳವೆಯನ್ನು ಕೆಂಪಗೆ ಕಾಯಿಸುತ್ತಿತ್ತು, ಅದರ ಶಾಖಕ್ಕೆ ಇಂಧನ ಹೊತ್ತುತ್ತಿತ್ತು. ಆ ಕೊಳವೆ ಸೀಟಿನ ಕೆಳಗೇ ಇತ್ತು. ಸೀಟಿಗೆ ಬೆಂಕಿ ತಗುಲಿದ್ದು ಹಾಗೆ. ಈಗ ವಸ್ತುಸಂಗ್ರಹಾಲಯಗಳಲ್ಲಿ ಕಾಣುವುದು ಆ ಗಾಡಿಯ ನಕಲುಗಳು. ಮೂಲ ಗಾಡಿ 1903ರಲ್ಲಿ ಕಾನ್‌ಸ್ಟಾಟ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು.

ಡಬ್ಬಿಯ ಉಪಾಯಕ್ಕೆ ಒಂದು ಕೊರತೆ ಇತ್ತು. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶ ಮೊದಲು ಖಾಲಿಯಾಗಿ, ಭಾರದ ಅಂಶ ತಳದಲ್ಲಿ ಉಳಿಯುತ್ತಿತ್ತು. ಎಂಜಿನ್ ಒಮ್ಮೆ ಚೆನ್ನಾಗಿ ಓಡಿದರೆ ಇನ್ನೊಮ್ಮೆ ಮುಗ್ಗರಿಸುತ್ತಿತ್ತು. ಇದಕ್ಕೆ ಮೈಬಾಖ್ ಉತ್ತರ ಹುಡುಕಿದ್ದು ಬದುಕಿನ ಕಷ್ಟದ ದಿನಗಳಲ್ಲಿ. 1890ರಲ್ಲಿ ಕಂಪನಿಗೆ ಬಂಡವಾಳ ಹಾಕಿದವರೊಂದಿಗೆ ಜಗಳವಾಗಿ ಮರುವರ್ಷ ಆತ ಹೊರಬಂದ. ಡೈಮ್ಲರ್ ಒಳಗೊಳಗೇ ಹಣ ಕೊಟ್ಟು, ಮುಚ್ಚಿದ್ದ ಹರ್ಮಾನ್ ಹೋಟೆಲಿನ ಹಾಲ್‌ನಲ್ಲಿ ಕೆಲಸಕ್ಕೆ ಜಾಗ ಮಾಡಿಕೊಟ್ಟ. ಅಲ್ಲಿ ಬೆರಳೆಣಿಕೆಯ ಕೆಲಸಗಾರರ ಜೊತೆ 1893ರಲ್ಲಿ ರೂಪುಗೊಂಡದ್ದು ತುಂತುರು ಕಾರ್ಬ್ಯುರೇಟರ್.

ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡಿನ ನಲ್ಲಿ ನೋಡಿದ್ದೀರಲ್ಲ? ನೀರು ಏರಿದಂತೆ ಚೆಂಡು ಏರಿ ನಲ್ಲಿ ಬಂದ್ ಮಾಡುತ್ತದೆ. ಕಾರ್ಬ್ಯುರೇಟರ್ ಕೆಳಗಿನ ಬೌಲ್‌ನಲ್ಲೂ ಅದೇ ಕೆಲಸ. ಟ್ಯಾಂಕಿನಿಂದ ಪೆಟ್ರೋಲ್ ಇಳಿದು ಬೌಲ್ ತುಂಬುತ್ತದೆ, ಫ್ಲೋಟ್ ಏರುತ್ತದೆ, ಅದು ಸೂಜಿಯಂಥ ಪಿನ್ ಒಂದನ್ನು ತಳ್ಳಿ ದಾರಿ ಮುಚ್ಚುತ್ತದೆ. ಹೀಗೆ ಪೆಟ್ರೋಲಿನ ಮಟ್ಟ ಜೆಟ್ಟಿನ ಬಾಯಿಗಿಂತ ತುಸು ಕೆಳಗೆ ನಿಲ್ಲುತ್ತದೆ. ಎಂಜಿನ್ ಗಾಳಿ ಎಳೆದಾಗ ಕಿರಿದಾದ ದಾರಿಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಜೆಟ್ಟಿನಿಂದ ತುಂತುರಾಗಿ ಚಿಮ್ಮುತ್ತದೆ. ಎಲ್ಲ ನಿಂತಿರುವುದು ಆ ಮಟ್ಟದ ಮೇಲೆ. ಮಟ್ಟ ಒಂದೆರಡು ಮಿಲಿಮೀಟರ್ ಏರಿದರೂ ಪೆಟ್ರೋಲ್ ಹೊರಬರುವ ದಾರಿ ಹುಡುಕುತ್ತದೆ.

ಈ ಕಾರ್ಬ್ಯುರೇಟರ್ ಬಗ್ಗೆಯೂ ಒಂದು ಕಥೆ ಇದೆ. ಹೂವಿನ ಮೇಲೆ ಬಾಯಿಂದ ನೀರು ಚಿಮುಕಿಸುತ್ತಿದ್ದ ಹೂಮಾರುವ ಹುಡುಗಿಯನ್ನು ನೋಡಿ ಇದು ಹೊಳೆಯಿತು ಎಂದು. ಆ ಕಥೆ ಮೈಬಾಖ್‌ನದಲ್ಲ. ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ ಎಂಬ ಇಬ್ಬರ ಬಗ್ಗೆ ಬುಡಾಪೆಸ್ಟ್‌ನಲ್ಲಿ ಹೇಳುವ ಕಥೆ ಅದು. ಇವರೂ 1893ರಲ್ಲೇ, ಮೈಬಾಖ್‌ಗಿಂತ ಕೆಲವು ತಿಂಗಳು ಮೊದಲು ತಮ್ಮ ತುಂತುರು ಕಾರ್ಬ್ಯುರೇಟರ್‌ಗೆ ಪೇಟೆಂಟ್ ಕೇಳಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಬಟ್ಲರ್ ಅದಕ್ಕೂ ಮುಂಚೆ ಇಂಥದೇ ಪ್ರಯತ್ನ ಮಾಡಿದ್ದ. ಹಾಗಾಗಿ ಕಾರ್ಬ್ಯುರೇಟರನ್ನು ಒಬ್ಬನೇ ಕಂಡುಹಿಡಿದ ಎಂದು ಯಾರಾದರೂ ಕಳಿಸಿದರೆ ಪೂರ್ತಿ ನಂಬಬೇಡಿ. ಮೈಬಾಖ್‌ನ ಮಾದರಿ ಡೈಮ್ಲರ್ ಎಂಜಿನ್ನುಗಳ ಜೊತೆ ರಸ್ತೆಗೆ ಇಳಿದು ಹರಡಿತು. ದೊಡ್ಡ ವ್ಯತ್ಯಾಸ ಅದು.

ಉಳಿದ ಬದುಕು ಚುಟುಕಾಗಿ. 1895ರಲ್ಲಿ ಇಬ್ಬರೂ ಕಂಪನಿಗೆ ಮರಳಿದರು, 1900ರಲ್ಲಿ ಡೈಮ್ಲರ್ ತೀರಿಕೊಂಡ. ಅದೇ ಹೊತ್ತಿನಲ್ಲಿ ಮೈಬಾಖ್ ರೂಪಿಸಿದ 35 ಅಶ್ವಶಕ್ತಿಯ ಕಾರಿಗೆ, ಕೊಳ್ಳುವವನಾದ ಎಮಿಲ್ ಯೆಲ್ಲಿನೆಕ್ ತನ್ನ ಮಗಳು ಮರ್ಸಿಡಿಸ್ ಹೆಸರಿಟ್ಟ. 1907ರಲ್ಲಿ ಮೈಬಾಖ್ ಬೇಸರದಿಂದಲೇ ಕಂಪನಿ ಬಿಟ್ಟ. 1909ರಲ್ಲಿ ಮಗ ಕಾರ್ಲ್ ಜೊತೆ ಸೇರಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡುವ ಕಂಪನಿ ಕಟ್ಟಿದ. ಮೇಬ್ಯಾಕ್ ಕಾರು ಆಮೇಲೆ ಬಂದದ್ದು ಮಗನ ಕಾಲದಲ್ಲಿ. 1929ರ ಡಿಸೆಂಬರ್ 29ರಂದು, 83ನೇ ವಯಸ್ಸಿನಲ್ಲಿ ಮೈಬಾಖ್ ತೀರಿಕೊಂಡ. ಸಮಾಧಿ ಇರುವುದು ಕಾನ್‌ಸ್ಟಾಟ್‌ನಲ್ಲಿ, ಡೈಮ್ಲರ್‌ನನ್ನು ಹೂಳಿದ ಸ್ಮಶಾನದಲ್ಲೇ.

ಅದೇ ತತ್ವದ ಕಾರ್ಬ್ಯುರೇಟರ್ ಮುಂದೆ ಮೈಸೂರಿಗೂ ಬಂತು. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಗಾಡಿಗಳು ಹೊರಬಿದ್ದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಆದರೆ ಹಳೆ ಗಾಡಿಗಳು ಊರೂರಲ್ಲಿ ಇನ್ನೂ ಓಡುತ್ತಿವೆ.

ವನದುರ್ಗಕ್ಕೆ ಮರಳೋಣ. ಕಾಕಾ ಗಾಡಿಯನ್ನು ಮೊದಲು ಅಂಗಳಕ್ಕೆ, ಒಲೆಯಿಂದ ದೂರ ತಂದೆವು. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿದೆವು. ಸೋರುವುದು ನಿಂತಿತು. ಅಂದರೆ ಕಾಕ್ ಸರಿಯಿದೆ, ತೊಂದರೆ ಕೆಳಗಿದೆ. ಹಳೆ ಜಾವಾದ ಕಾರ್ಬ್ಯುರೇಟರ್ ಮೇಲೆ ಒಂದು ಗುಂಡಿ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಅದನ್ನು ಒತ್ತಿದರೆ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ತುಸು ಉಕ್ಕುತ್ತದೆ, ಸ್ಟಾರ್ಟ್ ಮಾಡಲು ಅನುಕೂಲ. ಆ ಹನಿ ದೋಷವಲ್ಲ. ಆದರೆ ಗುಂಡಿ ಸಿಕ್ಕಿಹಾಕಿಕೊಂಡರೆ ಸೋರುತ್ತಲೇ ಇರುತ್ತದೆ. ಕಾಕಾ ಗಾಡಿಯಲ್ಲಿ ಗುಂಡಿ ಸರಾಗವಾಗಿ ಏರಿಳಿಯುತ್ತಿತ್ತು.

ಶಹಾಪುರದಿಂದ ಮಿಸ್ತ್ರಿ ಬಂದು ಬೌಲ್ ಬಿಚ್ಚಿದರು. ತಳದಲ್ಲಿ ಕೆಂಪು ಮಣ್ಣಿನ ಸಣ್ಣ ಪುಡಿ, ಟ್ಯಾಂಕಿನ ತುಕ್ಕು. ಇಂಥ ಒಂದು ಕಣ ಪಿನ್ ಮತ್ತು ಅದು ಕೂರುವ ಜಾಗದ ನಡುವೆ ಸಿಕ್ಕಿದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ದ್ರವದ ಸದ್ದು ಬಂದರೆ ಫ್ಲೋಟ್ ತೂತಾಗಿದೆ, ಭಾರವಾಗಿ ಮುಳುಗುತ್ತದೆ ಎಂದರ್ಥ. ಸದ್ದು ಬರಲಿಲ್ಲ. ಪಿನ್ ತುದಿ ನೋಡಿದಾಗ ಕಾರಣ ಸಿಕ್ಕಿತು. ಸುತ್ತ ಉಂಗುರದಂತೆ ಸವೆದ ಗೆರೆ ಬಿದ್ದಿತ್ತು. ಉಗುರಿಗೆ ತಾಗುವಷ್ಟು. ಇಷ್ಟು ಸಣ್ಣ ಗೆರೆ ಟ್ಯಾಂಕಿನ ಪೆಟ್ರೋಲನ್ನೆಲ್ಲ ರಾತ್ರಿಯಿಡೀ ಇಳಿಸಬಲ್ಲದು. ಹೊರಗೆ ಹೋಗದಿದ್ದರೆ ಎಂಜಿನ್ ಒಳಕ್ಕೇ ಇಳಿಯುತ್ತದೆ. ಫೋರ್ ಸ್ಟ್ರೋಕ್ ಗಾಡಿಯಾದರೆ ಆಯಿಲ್ ತೆಳುವಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ.

ಪಿನ್ ಮತ್ತು ಬೌಲ್ ಪ್ಯಾಕಿಂಗ್ ಹೊಸದು ಹಾಕಿದರು, ಕಾಕ್‌ನ ಜಾಲರಿ ತೊಳೆದರು. ಹಳೆ ಪ್ಯಾಕಿಂಗ್ ಉಬ್ಬಿ ಮೆತ್ತಗಾಗಿತ್ತು. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಾಗ ಹಳೆ ಕಾಲದ ರಬ್ಬರ್ ಭಾಗಗಳು ಹೀಗೆ ಕೆಡುವ ಸಾಧ್ಯತೆ ಇದೆ. ಆದ್ದರಿಂದ ಹೊಸದು ಕೊಳ್ಳುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ಪಡೆಯಿರಿ. ಸೋರುವ ಜಾಗಕ್ಕೆ ಸೋಪು ಮೆತ್ತುವುದು, ಎಂಸೀಲ್ ಹಚ್ಚುವುದು ಉಪಾಯವಲ್ಲ. ಹೊರಗಿನ ಬಾಯಿ ಮುಚ್ಚಿದರೂ ಒಳಗೆ ಮಟ್ಟ ಏರುವುದು ನಿಲ್ಲುವುದಿಲ್ಲ. ಕತ್ತಲಲ್ಲಿ ಸೋರಿಕೆ ನೋಡಲು ಕಡ್ಡಿ ಗೀರುವವರನ್ನೂ ನಾವು ನೋಡಿದ್ದೇವೆ. ಫೋನಿನ ಟಾರ್ಚ್ ಇದೆಯಲ್ಲ, ಅದನ್ನು ಬಳಸಿ.

ಆ ರಾತ್ರಿ ಗಾಡಿ ಅಂಗಳದಲ್ಲೇ ಇತ್ತು. ಪರೀಕ್ಷೆಗೆಂದು ಕಾಕ್ ತೆರೆದಿಟ್ಟು ಎಂಜಿನ್ ಕೆಳಗೆ ಹಳೆ ಪತ್ರಿಕೆ ಹಾಸಿದ್ದೆವು. ಬೆಳಿಗ್ಗೆ ಪತ್ರಿಕೆ ಒಣಗಿಯೇ ಇತ್ತು. ಆದರೂ ಕಾಕಾ ಈಗ ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಬಂದ್ ಮಾಡುತ್ತಾರೆ, ಟ್ಯಾಂಕ್ ಗುರುತಿನವರೆಗೆ ತುಂಬಿಸುತ್ತಾರೆ, ಗಾಡಿಯನ್ನು ಪಡಸಾಲೆಗೆ ತರುವುದಿಲ್ಲ.