ಮಲಿಕ್ ಅಂಬರ್: ‘ಹಬಶಿ’ ಎಂಬ ಹೆಸರಿನೊಳಗಿನ ಭಿನ್ನತೆಗಳು

1624ರಲ್ಲಿ ಭೀಮಾ ನದಿಯನ್ನು ದಾಟಿ ಬಂದು ವಿಜಾಪುರವನ್ನು ಮುತ್ತಿದ ಮಲಿಕ್ ಅಂಬರನ ಪರಿಚಯ ನಮ್ಮ ಚರಿತ್ರೆಯ ಬರಹಗಳಲ್ಲಿ ಬಹುಮಟ್ಟಿಗೆ ‘ಹಬಶಿ ಗುಲಾಮ’ ಎಂಬ ಎರಡು ಪದಗಳಲ್ಲಿಯೇ ಮುಗಿದುಬಿಡುತ್ತದೆ. ಇದರಲ್ಲಿ ‘ಗುಲಾಮ’ ಎಂಬುದು ಅವನ ಬಾಳಿನ ಒಂದು ಘಟ್ಟಕ್ಕೆ ಮಾತ್ರ ಸಲ್ಲುವ ಪದ. ‘ಹಬಶಿ’ ಎಂಬುದರ ತೊಡಕು ಇನ್ನೂ ಹೆಚ್ಚಿನದು.

ಅಂಬರನು ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದನು. ಹುಟ್ಟೂರು ಹರಾರ್ ಎಂದು ಹಲವರು ಬರೆದಿದ್ದಾರೆ. ರಿಚರ್ಡ್ ಈಟನ್ ಅವರು ದಕ್ಷಿಣದ ಕಂಬಾಟಾ ಸೀಮೆಯನ್ನು ಸೂಚಿಸುತ್ತಾರೆ. ಈ ವ್ಯತ್ಯಾಸ ಕ್ಷುಲ್ಲಕವಾದುದಲ್ಲ. ಹರಾರ್ ಮುಸ್ಲಿಂ ವಿದ್ಯೆಯ ನೆಲೆ. ಅಲ್ಲಿನ ಭಾಷೆ ಸೆಮಿಟಿಕ್ ಗುಂಪಿಗೆ ಸೇರಿದ್ದು. ಕಂಬಾಟಾದವರ ಭಾಷೆ ಕುಶಿಟಿಕ್. ಇವೆರಡಕ್ಕೂ ಉತ್ತರದ ಎತ್ತರದ ನಾಡನ್ನು ಆಳುತ್ತಿದ್ದುದು ಕ್ರೈಸ್ತ ಅರಸುಮನೆತನ. ಅರಬ್ಬರ ‘ಹಬಶ್’ ಎಂಬ ಪದ ಇವರೆಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಆದರೂ ಅದೇ ಅರಬ್ಬರು ಪೂರ್ವ ಕರಾವಳಿಯ ಜನರನ್ನು ‘ಜಂಜ್’ ಎಂದು ಬೇರೆಯಾಗಿ ಗುರುತಿಸುತ್ತಿದ್ದರು. ಇಂದು ನಾವು ಬಳಸುವ ‘ಆಫ್ರಿಕನ್’ ಎಂಬ ಪದ ಆ ಭೇದವನ್ನೂ ಅಳಿಸಿದೆ.

1617ರಲ್ಲಿ ಅಂಬರನನ್ನು ಕಂಡ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್ ಅವನ ಮೊದಲ ಹೆಸರು ಚಾಪು ಎಂದೂ ಮೋಖಾ ಬಂದರಿನಲ್ಲಿ ಮಾರಲ್ಪಟ್ಟವನೆಂದೂ ದಾಖಲಿಸಿದ್ದಾನೆ. ಬಾಗ್ದಾದಿನ ಒಡೆಯನೊಬ್ಬನ ಬಳಿ ವಿದ್ಯೆಯೂ ಅಂಬರ್ ಎಂಬ ಹೆಸರೂ ದೊರೆತವು. 1570ರ ದಶಕದ ಆದಿಯಲ್ಲಿ ಅವನನ್ನು ಕೊಂಡವನು ಅಹಮದನಗರದ ಪೇಶ್ವೆ ಚಂಗೇಜ್ ಖಾನ್. ಇವನೂ ಒಂದು ಕಾಲದ ಗುಲಾಮ, ಹಬಶಿ. ಒಡೆಯ ಸತ್ತ ಮೇಲೆ ಬಿಡುಗಡೆ ಹೊಂದಿದ ಅಂಬರನು ಕೆಲಕಾಲ ವಿಜಾಪುರದಲ್ಲಿ ಸೇವೆ ಸಲ್ಲಿಸಿ ಅಹಮದನಗರಕ್ಕೆ ಮರಳಿದನು. 1600ರಲ್ಲಿ ಆ ಕೋಟೆ ಮೊಗಲರ ಕೈವಶವಾದಾಗ ನಿಜಾಮಶಾಹಿಯ ಕುಡಿಯೊಬ್ಬನನ್ನು ಪಟ್ಟಕ್ಕೇರಿಸಿ ಕಾಲು ಶತಮಾನ ರಾಜ್ಯವನ್ನು ಹಿಡಿದು ನಿಲ್ಲಿಸಿದನು. ಖಡಕಿ ಪಟ್ಟಣವನ್ನೂ (ಮುಂದೆ ಇದೇ ಔರಂಗಾಬಾದ್) ಅಲ್ಲಿಯ ನಹರ್ ಎಂಬ ನೆಲದಡಿಯ ನೀರಿನ ವ್ಯವಸ್ಥೆಯನ್ನೂ ಕಟ್ಟಿಸಿದವನು ಅವನೇ.

ಹಬಶಿಗಳು ಒಂದಾಗಿದ್ದರೆಂಬ ಊಹೆಯೂ ನಿಲ್ಲುವುದಿಲ್ಲ. ವಿಜಾಪುರದಲ್ಲಿ 1582ರಲ್ಲಿ ಆಡಳಿತವನ್ನು ಕೈಗೆತ್ತಿಕೊಂಡ ದಿಲಾವರ್ ಖಾನನು ಇಖ್ಲಾಸ್ ಖಾನನ ಕಣ್ಣು ಕೀಳಿಸಿದನು, ಇಬ್ಬರೂ ಹಬಶಿಗಳೇ. 1624ರ ಭಾತವಾಡಿಯ ಕಾಳಗದಲ್ಲಿ ಮೊಗಲ ಮತ್ತು ಆದಿಲಶಾಹಿ ಸೇನೆಗಳನ್ನು ಒಟ್ಟಿಗೆ ಸೋಲಿಸಿದಾಗ ಅಂಬರನ ಕಡೆ ನಿಂತವರಲ್ಲಿ ಶಹಾಜಿ ಭೋಸಲೆಯೂ ಇದ್ದನು. ಆ ಬಳಿಕವೇ ವಿಜಾಪುರದ ಮುತ್ತಿಗೆ, ಎರಡನೆಯ ಇಬ್ರಾಹಿಂ ಆದಿಲಶಾಹನ ನೌರಸಪುರದ ಲೂಟಿ. ಸಂಗೀತಕ್ಕೆಂದು ಕಟ್ಟಿದ ಊರನ್ನು ಹಾಳುಗೆಡವಿದ್ದು ಅಂಬರನ ಹೆಸರಿಗೆ ಅಂಟಿದ ಕಳಂಕವೇ ಸರಿ. 1626ರಲ್ಲಿ ಅವನು ತೀರಿಕೊಂಡನು, ಸಮಾಧಿ ಖುಲ್ದಾಬಾದಿನಲ್ಲಿದೆ.

ನಾವು ನಮ್ಮ ಜಿಲ್ಲೆಯ ವಿಷಯದಲ್ಲಿ ಇಂಥ ಸರಳೀಕರಣವನ್ನು ಸಹಿಸುವುದಿಲ್ಲ. ಮರಾಠಿಯ ಒಡನಾಟವಿರುವ ಇಂಡಿಯ ನುಡಿ, ಕಲಬುರಗಿಯ ಕಡೆಗೆ ವಾಲುವ ಸಿಂದಗಿಯ ನುಡಿ, ಕೃಷ್ಣಾತೀರದ ಮುದ್ದೇಬಿಹಾಳದ್ದು, ಡೋಣಿ ಹಾಯುವ ಬಸವನ ಬಾಗೇವಾಡಿಯದು ಎಂದು ಪ್ರತ್ಯೇಕಿಸುವ ಭಾಷಾಧ್ಯಯನಕಾರರೇ ಒಂದು ಖಂಡವನ್ನು ಒಂದೇ ವಿಶೇಷಣದಲ್ಲಿ ಹೇಳಿ ಮುಗಿಸುವುದು ವಿಚಿತ್ರ.

ಇದರ ಪರಿಣಾಮ ಬದುಕಿರುವವರ ಮೇಲೂ ಆಗಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಸಿದ್ದಿಯರನ್ನು ಅಂಬರನ ಅಥವಾ ವಿಜಾಪುರದ ಹಬಶಿ ಸರದಾರರ ವಂಶಜರೆಂದು ಹೇಳುವುದು ರೂಢಿಯಾಗಿದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮನೆಮಾತು ಕೊಂಕಣಿಗೆ ಹತ್ತಿರವಾದುದು. 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನ ಅವರ ಪೂರ್ವಿಕರನ್ನು ಬಂಟು ನುಡಿಯ ಜನರಲ್ಲಿ ಗುರುತಿಸಿದೆ. ಬಂಟುವಿಗೂ ಕಂಬಾಟಾದ ನುಡಿಗೂ ಇರುವ ಅಂತರ ಕನ್ನಡಕ್ಕೂ ಮರಾಠಿಗೂ ಇರುವಂಥದು, ಭಾಷಾಕುಟುಂಬಗಳೇ ಬೇರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಸಮುದಾಯಕ್ಕೆ ಸರದಾರರ ವಂಶಾವಳಿಯನ್ನು ಹೊದಿಸಿದರೆ ಪೋರ್ಚುಗೀಸರ ಗೋವೆಯಿಂದ ಕಾಡು ಸೇರಿದ ಗುಲಾಮರ ಚರಿತ್ರೆ ಮುಚ್ಚಿಹೋಗುತ್ತದೆ. ಪಣಜಿಯ ಪತ್ರಾಗಾರದಲ್ಲಿರುವ ಪೋರ್ಚುಗೀಸ್ ದಾಖಲೆಗಳನ್ನು ಓದಬಲ್ಲ ಕನ್ನಡ ಸಂಶೋಧಕರು ಈ ಕ್ಷೇತ್ರಕ್ಕೆ ಬೇಕಾಗಿದ್ದಾರೆ.